ಬಾಲ ತುಂಡಾದ ಸಹಿಗೊಂದು ಅಹವಾಲು

ಮಾನ್ಯ ರಬ್ಬರ್ ಮೊಹರಿನವರೇ,

ನನ್ನನ್ನು ಒಮ್ಮೆಯೂ ನೋಡದೆ ನನ್ನ ಕಾಯಿಲೆಯನ್ನು ಕಂಡುಹಿಡಿದ ತಮಗೆ, ತಮ್ಮ ಪ್ರಮಾಣಪತ್ರದ ಪ್ರಕಾರ ಸ್ಪರ್ಶಜ್ಞಾನ ಕಳೆದುಕೊಂಡಿರುವ ನನ್ನ ಎರಡೂ ಪಾದಗಳ ಪರವಾಗಿ ನಮಸ್ಕಾರಗಳು. ತಮ್ಮ ಮಸಿಪ್ಯಾಡು ಎಂದೂ ಒಣಗದಿರಲಿ.

ದಿನಕ್ಕೆ ನೂರಾರು ಜನರನ್ನು ನೋಡದೇ ಇರುವ ತಮಗೆ ನನ್ನ ನೆನಪಿರಲಾರದು. ಎಂಟು ತಿಂಗಳ ಹಿಂದೆ ಮಾರುಕಟ್ಟೆಯೆದುರಿನ ಶಾಮಿಯಾನದಲ್ಲಿ ಸಕ್ಕರೆ ಕಾಯಿಲೆಯ ಉಚಿತ ತಪಾಸಣೆ ನಡೆದಿತ್ತು. ನನ್ನ ಬೆರಳು ಚುಚ್ಚಿದ ನರ್ಸಮ್ಮ, ನಿಮಗೇನೂ ಇಲ್ಲ, ಆರಾಮಾಗಿರಿ ಎಂದು ಹರಸಿ, ಒಂದು ಟೋಪಿ ಕೊಟ್ಟು, ಟೋಪಿ ಪಡೆದದ್ದಕ್ಕೆಂದು ಸಹಿ ಮಾಡಿಸಿಕೊಂಡರು. ಆ ಸಹಿ ಟೋಪಿಗಲ್ಲ, ಮನೆಬಾಗಿಲಿಗೆ ಮಧುಮೇಹ ಸಾಮಗ್ರಿ ತರಿಸಿಕೊಳ್ಳುವ ಅರ್ಜಿಗೆ ಎಂಬುದು ಮುಂದಿನ ತಿಂಗಳು ಪೆಟ್ಟಿಗೆಗಳು ಬಂದಾಗ ತಿಳಿಯಿತು. ರಕ್ತ ಪರೀಕ್ಷೆಯ ನೂರೈವತ್ತು ಸ್ಟ್ರಿಪ್‌ಗಳು (ಇವು ಅಂದಿನಿಂದ ತಿಂಗಳು ತಿಂಗಳೂ ತಪ್ಪದೆ ಬರುತ್ತಿವೆ), ಒಂದು ಡಬ್ಬಿ ಚುಚ್ಚುಸೂಜಿ, ಮಧುಮೇಹಿಗಳ ಮೆತ್ತನೆಯ ಬೂಟು. ಬೂಟುಗಳೆರಡೂ ಎಡಗಾಲಿನವು. ಪಾದಗಳಿಗೆ ಸ್ಪರ್ಶವೇ ಇಲ್ಲವೆಂದು ತಾವು ಪ್ರಮಾಣೀಕರಿಸಿದ್ದರಿಂದ, ಬಲಗಾಲಿಗೆ ಈ ವಿಷಯ ಗೊತ್ತಾಗದೆಂದು ಕಳುಹಿಸಿದವರು ನಂಬಿರಬೇಕು.

ತಮ್ಮ ಕಾರ್ಯವ್ಯಾಪ್ತಿ ನನ್ನೊಬ್ಬನಿಗೆ ಸೀಮಿತವಲ್ಲ ಎಂಬುದು ನಮ್ಮ ಕಟ್ಟಡಕ್ಕೇ ಹೆಮ್ಮೆಯ ಸಂಗತಿ. ಕೆಳಗಿನ ದರ್ಜಿಗೂ ಪೆಟ್ಟಿಗೆ ಬರುತ್ತದೆ. ಅವರು ಸೂಜಿಗಳಿಂದ ಹಳೆಯ ಹೊಲಿಗೆ ಬಿಚ್ಚುತ್ತಾರೆ. ಪ್ರತಿ ಬೆಳಿಗ್ಗೆ ಮೈದಾನಕ್ಕೆ ಹತ್ತು ಸುತ್ತು ಹಾಕುವ ಡ್ರಿಲ್ ಮೇಷ್ಟ್ರು ಅದನ್ನೆಲ್ಲ ಸ್ಪರ್ಶವಿಲ್ಲದ ಕಾಲುಗಳಲ್ಲೇ ಸಾಧಿಸುತ್ತಿದ್ದಾರೆಂದು ತಮ್ಮಿಂದಲೇ ತಿಳಿಯಿತು. ತೀರಿಕೊಂಡು ಎರಡು ವರ್ಷವಾದ ಮೊದಲ ಮಹಡಿಯ ಹಿರಿಯರ ಪಾದಗಳನ್ನೂ ತಾವು ಅದೇ ದಿನ ಪರೀಕ್ಷಿಸಿದ್ದೀರಿ. ಸ್ಪರ್ಶವಿಲ್ಲ ಎಂದು ತಾವು ಬರೆದದ್ದು ಅವರೊಬ್ಬರ ವಿಷಯದಲ್ಲಿ ನೂರಕ್ಕೆ ನೂರು ಸರಿ.

ತಾವು ಡಾಕ್ಟರಲ್ಲ, ಡಾಕ್ಟರ ಸಹಿಯ ಮೊಹರು ಎಂದು ನನಗೆ ಹೇಗೆ ತಿಳಿಯಿತೆಂದರೆ, ಮೂವತ್ತು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದ ಕಣ್ಣು ನನ್ನದು. ನನ್ನ, ದರ್ಜಿಯ, ಮೇಷ್ಟ್ರ, ದಿವಂಗತರ ಪೆಟ್ಟಿಗೆಗಳ ಜೊತೆ ಬಂದ ಪ್ರಮಾಣಪತ್ರದ ಕಾಗದಗಳನ್ನು ಪಕ್ಕಪಕ್ಕ ಇಟ್ಟಾಗ, ತಮ್ಮ ಸುಂದರ ಬಾಲವು ನಾಲ್ಕರಲ್ಲೂ ಒಂದೇ ಜಾಗದಲ್ಲಿ, ಸಾಸಿವೆಯಷ್ಟು, ತುಂಡಾಗಿತ್ತು.

ಈಗ ಅಸಲು ವಿಷಯ. ನಮ್ಮ ಮನೆಯಲ್ಲಿ ನಿಜವಾದ ಸಕ್ಕರೆ ಕಾಯಿಲೆಯೊಂದಿದೆ; ಅದು ನನ್ನ ಅಕ್ಕನದು, ಇಪ್ಪತ್ತೆರಡು ವರ್ಷಗಳದ್ದು. ದಿನಕ್ಕೆರಡು ಬಾರಿ ಇನ್ಸುಲಿನ್ ತೆಗೆದುಕೊಳ್ಳುವ ಅವಳಿಗೆ ಸ್ಟ್ರಿಪ್ ಬೇಕೇ ಬೇಕು. ನನಗೆ ಬಂದವು ಅವಳ ಯಂತ್ರಕ್ಕೆ ಹಿಡಿಸುವುದಿಲ್ಲ. ಅವು ಹಿಡಿಸುವ ಯಂತ್ರವನ್ನು ಈಗ ಯಾರೂ ತಯಾರಿಸುವುದೂ ಇಲ್ಲ. ಅವಳ ಅರ್ಜಿಯೋ, ನಾಲ್ಕು ಸಲ ವಾಪಸು ಬಂತು. ಕಾರಣ, ಅವಳ ಡಾಕ್ಟ್ರಮ್ಮ ಸ್ವಂತ ಕೈಯಿಂದ ಸಹಿ ಮಾಡುತ್ತಾರೆ, ಆ ಸಹಿ ಕಚೇರಿಯಲ್ಲಿರುವ ಅವರ ಮಾದರಿ ಸಹಿಗೆ ಹೊಂದುವುದಿಲ್ಲ. ಸಾಮಗ್ರಿ ಕಚೇರಿಯ ಗುಮಾಸ್ತರು ತಮ್ಮದನ್ನೂ ಅವರದನ್ನೂ ನನ್ನೆದುರು ಹರಡಿ, "ನೋಡಿ ಸಾರ್, ಸಹಿ ಅಂದ್ರೆ ಹೀಗಿರಬೇಕು. ಏಳು ತಿಂಗಳಿಂದ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನಿಮ್ಮ ಡಾಕ್ಟ್ರಮ್ಮನಿಗೆ ಸ್ವಲ್ಪ ಅಭ್ಯಾಸ ಮಾಡೋಕೆ ಹೇಳಿ" ಎಂದರು. ಹೇಳಿದೆ. ಅದಕ್ಕೆ ಡಾಕ್ಟ್ರಮ್ಮ, "ರೋಗಿ ಮುಖ ನೋಡ್ಕೊಂಡು ಸಹಿ ಹಾಕೋಳು ನಾನು. ಕಾಗದ ನೋಡ್ಕೊಂಡು ಹಾಕಿದ್ರೆ ನಂದೂ ಒಂದೇ ಥರ ಬರ್ತಿತ್ತೇನೋ" ಎಂದರು.

ಈ ಗಡಿಬಿಡಿಯಲ್ಲಿ ಅಕ್ಕ ಉಳಿದ ನಾಲ್ಕು ಸ್ಟ್ರಿಪ್‌ಗಳನ್ನು ಕಾಪಾಡಲೆಂದು ಅಂದಾಜಿನ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳತೊಡಗಿದಳು. ಕಳೆದ ತಿಂಗಳು ಒಂದು ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಬೆವರುತ್ತ ಕುಳಿತು ನನ್ನನ್ನು "ಅಪ್ಪಾ" ಎಂದು ಕರೆದಳು. ಸಕ್ಕರೆ ನೀರು ಕುಡಿಸಿದ ಮೇಲೆ ಗುರುತು ಹತ್ತಿ, "ನೀನಾ? ಅಪ್ಪ ಆಗಿದ್ರೆ ಇಷ್ಟೊತ್ತಿಗೆ ಸ್ಟ್ರಿಪ್ ತಂದಿರ್ತಿದ್ರು ಕಣೋ" ಎಂದಳು. ಆಗ ಅವಳ ತಲೆಯ ಮೇಲಿನ ಕಪಾಟಿನಲ್ಲಿ ತಾವು ದಯಪಾಲಿಸಿದ ಒಂಬೈನೂರು ಸ್ಟ್ರಿಪ್‌ಗಳಿದ್ದವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಸಕಲ ಸೌಲಭ್ಯಗಳಿರುವ ನನ್ನ ಇಲ್ಲದ ಕಾಯಿಲೆಯನ್ನು ಅಕ್ಕನಿಗೆ ವರ್ಗಾಯಿಸಿ, ಯಾವ ಸೌಲಭ್ಯವೂ ಇಲ್ಲದ ಅವಳ ಇರುವ ಕಾಯಿಲೆಯನ್ನು ರದ್ದುಗೊಳಿಸಬೇಕು, ಅದು ನಿಯಮಬಾಹಿರವಾದರೆ, ತಾವೇ ಒಂದು ಸಂಜೆ ನಮ್ಮ ಮನೆಗೆ ಬಂದು ಅವಳ ಹಣೆಯ ಮೇಲಾದರೂ ಒಮ್ಮೆ ಬೀಳಬೇಕು. ಈ ಹಿಂದೆಯೂ ಇದನ್ನೇ ಬರೆದಿದ್ದೆ. ತಾವು ತಕ್ಷಣ ಅನುಮೋದಿಸಿ ಇನ್ನೊಂದು ಜೊತೆ ಬೂಟು ಕಳುಹಿಸಿದಿರಿ. ಈ ಸಲ ಎರಡೂ ಬಲಗಾಲಿನವು. ಹೀಗೆ ಒಂದು ಅಹವಾಲಾದರೂ ಇತ್ಯರ್ಥವಾಯಿತು.

ಉಳಿದದ್ದನ್ನು ತಮ್ಮ ಆದರ್ಶದಂತೆ ನಾವೇ ಮಾಡಿಕೊಂಡೆವು. ಡಾಕ್ಟ್ರಮ್ಮ ಒಂದು ಹಾಳೆಯ ಮೇಲೆ ಹತ್ತು ಸಲ ಸಹಿ ಹಾಕಿದರು. ಅಕ್ಕ ಕನ್ನಡಕ ಏರಿಸಿ, ಹೆಣ್ಣು ನೋಡಲು ಬಂದ ಅತ್ತೆಯ ಗತ್ತಿನಲ್ಲಿ ಒಂಬತ್ತನ್ನು ತಳ್ಳಿಹಾಕಿ ಏಳನೆಯದನ್ನು ಒಪ್ಪಿದಳು. ಅದರ ಮೊಹರು ಮಾಡಿಸಿ, ಅದನ್ನೇ ಹೊಸ ಮಾದರಿಯೆಂದು ಕಚೇರಿಗೆ ಕೊಟ್ಟೆವು. ಮೊಹರು ಡಾಕ್ಟ್ರಮ್ಮನ ಮೇಜಿನ ಖಾನೆಯಲ್ಲೇ ಇದೆ. ರೋಗಿಯ ಮುಖ ನೋಡಿದ ಮೇಲೆಯೇ ಒತ್ತುತ್ತಾರೆ. ಗುಮಾಸ್ತರು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಮೂರನೆಯ ದಿನ ಸ್ಟ್ರಿಪ್ ಬಂದವು. ಅಕ್ಕ ಬೆರಳು ಚುಚ್ಚಿ, ನೂರಮೂವತ್ತು ಎಂದು ಓದಿ, ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವಳಂತೆ ನನ್ನತ್ತ ನೋಡಿದಳು.

ತಮ್ಮ ಕೃಪೆಯಿಂದ ನಾಲ್ಕು ಬೂಟುಗಳ ಒಡೆಯನಾದ,
ತಮ್ಮ ವಿಶ್ವಾಸಿ,
ಕಾಯಿಲೆಯಿಲ್ಲದ ರೋಗಿ

ಮರೆತಿದ್ದ ಮಾತು: ಮೊಹರು ಮಾಡುವವರು ನನ್ನ ಕೈಯಲ್ಲಿದ್ದ ತಮ್ಮ ಕಾಗದವನ್ನು ಕಂಡು, "ಇದಾ? ತಿಂಗಳಿಗೆ ಎರಡು ಮಾಡಿಕೊಡ್ತೀನಿ. ಬೇಗ ಸವೆದುಹೋಗುತ್ತಂತೆ. ಅಚ್ಚಲ್ಲಿ ಬಾಲ ಸ್ವಲ್ಪ ತುಂಡಾಗಿದೆ, ಸರಿ ಮಾಡ್ಲಾ ಅಂತ ಕೇಳಿದ್ರೆ ಹಾಗೇ ಇರಲಿ ಅಂತಾರೆ" ಎಂದರು. ನನ್ನದೂ ಅದೇ ಪ್ರಾರ್ಥನೆ. ನಮ್ಮ ಬೀದಿಯಿಂದ ಈವರೆಗೆ ಕೂಡಿಸಿದ ಇನ್ನೂರ ಹದಿನೆಂಟು ಕಾಗದಗಳು ನಿನ್ನೆ ತನಿಖಾಧಿಕಾರಿಗಳ ಮೇಜು ಸೇರಿವೆ. ಅವರು ತಮ್ಮನ್ನು ಬಾಲದಿಂದಲೇ ಗುರುತಿಸುತ್ತಾರೆ.