ಹತ್ತು ಹೆಜ್ಜೆ ಹಿಂದೆ

ನಮ್ಮ ಭಾವನವರು ಒಮ್ಮೆ ತೀರಿಕೊಂಡಿದ್ದಾರೆ. ಆ ಸುದ್ದಿಯನ್ನು ಕಾರ್ಡು ಬರೆದು ತಿಳಿಸಿದವರು ಸ್ವತಃ ಅವರೇ. ಅದನ್ನು ಓದಿ ಹೇಳಿದ ಪಾಪಿ ನಾನು!

ಎಪ್ಪತ್ತರ ದಶಕದ ಮಾತು. ನಾನು ಮದುವೆಯಾಗಿ ಚನ್ನಗಿರಿಗೆ ಬಂದು ಆರು ತಿಂಗಳಾಗಿತ್ತು. ನನ್ನ ಗಂಡನ ಅಣ್ಣ, ಅಂದರೆ ಈ ಭಾವ, ಮಿಲಿಟರಿಯಲ್ಲಿದ್ದರು. ನೆಲದಲ್ಲಿ ಹುಗಿದ ಬಾಂಬು ಹುಡುಕಿ ತೆಗೆಯುವ ವಿದ್ಯೆ ಕಲಿಯಲು ಅವರನ್ನು ಮೂರು ತಿಂಗಳ ಕೋರ್ಸಿಗೆ ಕಳಿಸಿದ್ದರು. ಕಾನ್ವೆಂಟಿನಲ್ಲಿ ಓದಿದ ಸೊಸೆ ಎಂದು ಮನೆಗೆ ಬಂದ ಕಾಗದಗಳನ್ನೆಲ್ಲ ಗಟ್ಟಿಯಾಗಿ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಕಾರ್ಡು ಬಂದಾಗ ಅತ್ತೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನಾನು ಓದಿದೆ: "ನಿಮ್ಮ ಮಗ ಇವತ್ತು ಬೆಳಿಗ್ಗೆ ಬಾಂಬು ತುಳಿದು ತೀರಿಕೊಂಡ. ತಪ್ಪು ಅವನದೇ. ಕಾಲಿಡುವ ಜಾಗ ನೋಡಲಿಲ್ಲ." ಕೆಳಗೆ ಅವರದೇ ಸಹಿ. ಸಹಿಯ ಮೇಲೆ, ಅಭ್ಯಾಸಬಲದಿಂದ, "ಉಳಿದಂತೆ ನಾನು ಕ್ಷೇಮ."

ಅಳಲು ಶುರುಮಾಡಿದ್ದ ಅತ್ತೆ ನಡುವೆ ನಿಲ್ಲಿಸಿ ಕೇಳಿದರು, "ಸತ್ತೋನು ಕ್ಷೇಮ ಅಂತ ಹೆಂಗೆ ಬರೀತಾನವ್ವಾ? ಇನ್ನೊಂದ್ ಸಲ ಓದು."

ನಾಲ್ಕು ಸಲ ಓದಿದೆ. ನಾಲ್ಕು ಸಲವೂ ಸತ್ತಿದ್ದರು, ನಾಲ್ಕು ಸಲವೂ ಕ್ಷೇಮವಾಗಿದ್ದರು.

ನನ್ನ ಗಂಡ ಅಂಚೆ ಕಚೇರಿಗೆ ಓಡಿ ತಂತಿ ಕೊಟ್ಟರು. ಉತ್ತರ ಬರುವ ತನಕ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ನಡೆದದ್ದು ಇಷ್ಟು. ಅಲ್ಲಿ ಅಭ್ಯಾಸಕ್ಕೆ ಹುಗಿಯುತ್ತಿದ್ದುದು ಹುಸಿ ಬಾಂಬು, ತುಳಿದರೆ ಹಳದಿ ಹೊಗೆ ಏಳುತ್ತಿತ್ತು. ತುಳಿದವನು ತನ್ನ ಸಾವಿನ ಸುದ್ದಿಯನ್ನು ತಾನೇ ಮನೆಗೆ ಬರೆದು, ಎಲ್ಲರೆದುರು ಓದಿ, ಹರಿದು ಹಾಕಬೇಕು. ಅದು ಕಲಿಸುವ ಉಸ್ತಾದರು ಕೊಡುತ್ತಿದ್ದ ಶಿಕ್ಷೆ. ನಮ್ಮ ಭಾವ ಬರೆದರು, ಓದಿದರು, ಹರಿಯುವ ಬದಲು ಅಂಚೆ ಡಬ್ಬಿಗೆ ಹಾಕಿದರು. ವಿಳಾಸ ಬರೆದ ಕಾರ್ಡನ್ನು ಹರಿಯಲು ಮನಸ್ಸು ಬರಲಿಲ್ಲವಂತೆ! ರಜೆಗೆ ಬಂದ ದಿನ ಅತ್ತೆ ಬಾಗಿಲಲ್ಲೇ ಸೌಟಿನಿಂದ ಎರಡು ಬಿಗಿದು, ಆಮೇಲೆ ಹೋಳಿಗೆ ಬಡಿಸಿದರು.

ಕೋರ್ಸು ಮೂರು ತಿಂಗಳಿಗೆ ಮುಗಿಯಿತೆಂದು ಸೈನ್ಯದವರು ತಿಳಿದಿದ್ದಾರೆ. ನಮ್ಮ ಮನೆಯಲ್ಲಿ ಅದು ಇವತ್ತಿಗೂ ನಡೆಯುತ್ತಿದೆ. ಭಾವ ಪೆನ್ಶನ್ ಪಡೆದು ನಮ್ಮ ಜೊತೆಗೇ ಬಂದಿದ್ದಾರೆ. ಮದುವೆಯಾಗಿಲ್ಲ. ಮುದ್ದೆಯನ್ನು ಕೂಡ ಮೊದಲು ಚಮಚದ ಹಿಡಿಯಿಂದ ಓರೆಯಾಗಿ ಚುಚ್ಚಿ ನೋಡುತ್ತಾರೆ. ನೇರ ಚುಚ್ಚಿದರೆ ಸಿಡಿಯುತ್ತದಂತೆ. ನಾನು ಮಾಡಿದ ಮುದ್ದೆಯಲ್ಲಿ ಗಂಟಿರಬಹುದು, ಮದ್ದುಗುಂಡು ಎಲ್ಲಿಂದ ಬರಬೇಕು?

ಪಕ್ಕದ ಮನೆಯಾಕೆಯ ಬೆಂಡೋಲೆಯೊಂದು ಹಿತ್ತಿಲಲ್ಲಿ ಬಿತ್ತೆಂದು ಕೇಳಿದ್ದೇ ತಡ, ಇವರು ಬಿಳಿ ನವಾರ ಎಳೆದು ಹಿತ್ತಿಲನ್ನು ಪಟ್ಟಿ ಪಟ್ಟಿ ಮಾಡಿ, ಹೊಟ್ಟೆಯ ಮೇಲೆ ಮಲಗಿ ಗೇಣುಗೇಣು ತಡಕಿದರು. ಎರಡು ದಿನ ಆ ಮನೆಯವರು ಕಕ್ಕಸಿಗೆ ನಮ್ಮ ಮನೆಗೆ ಬಂದರು. ಸಿಕ್ಕಿದ್ದು ಏಳು ಮೊಳೆ, ಒಂದು ಸೌಟು, ಯಾರದೋ ಕೋಟಿನ ಗುಂಡಿ. ಬೆಂಡೋಲೆ ಅಕ್ಕಿ ಡಬ್ಬದಲ್ಲಿತ್ತು.

ಇವೆಲ್ಲ ಸಹಿಸಬಹುದು. ನನ್ನನ್ನು ದಣಿಸಿದ್ದು ನಡಿಗೆ. ಎಲ್ಲಿಗೆ ಹೋದರೂ ಅವರು ಮುಂದೆ, ಉಳಿದವರು ಹತ್ತು ಹತ್ತು ಹೆಜ್ಜೆ ಹಿಂದೆ, ಒಬ್ಬರ ಹಿಂದೊಬ್ಬರು, ಅವರ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು. ಹತ್ತು ವರ್ಷ ಕಾನ್ವೆಂಟಿನ ಸಿಸ್ಟರುಗಳು ನನ್ನನ್ನು ಸಾಲಿನಲ್ಲಿ ನಡೆಸಿದ್ದರು. ಮದುವೆಯಾದರೆ ಸಾಲು ತಪ್ಪುತ್ತದೆ ಅಂದುಕೊಂಡಿದ್ದೆ!

ನಾದಿನಿಗೆ ಸಂಬಂಧ ಬಂದಾಗ ಗಂಡಿನ ಮನೆ ನೋಡಲು ನ್ಯಾಮತಿಗೆ ಹೋದೆವು. ಬಸ್ಸಿಳಿದವರೇ ಸಾಲಾದೆವು. ಭಾವ ಬಾಗಿಲು ಮುಟ್ಟಿದರು. ಆ ಮನೆಯ ಅಜ್ಜಿ ಕಾಲಿಗೆ ನೀರು ಕೊಟ್ಟು ಒಳಗೆ ಹೋದರು. ನನ್ನ ಗಂಡ ಬಂದರು. ಅಜ್ಜಿ ಮತ್ತೆ ಚೊಂಬು ತಂದರು. ನಾನು ಬಂದೆ; ಮತ್ತೆ ಚೊಂಬು. ಕೊನೆಯವರಾದ ಅತ್ತೆ ಇನ್ನೂ ಬೀದಿಯಲ್ಲಿದ್ದರು. ಅಜ್ಜಿ ನನ್ನ ಕಿವಿಯ ಹತ್ತಿರ ಬಂದು, "ಯಾಕವ್ವಾ, ಮನ್ಯಾಗೆ ಒಬ್ರಿಗೊಬ್ರು ಮಾತು ಬಿಟ್ಟೀರೇನು?" ಎಂದರು. ಆದರೂ ಸಂಬಂಧ ಕೂಡಿತು. ಹಿರಿಯನ ಹೆಜ್ಜೆ ದಾಟದ ಮನೆತನ ಈ ಕಾಲದಲ್ಲಿ ಎಲ್ಲಿ ಸಿಗುತ್ತದೆ ಎಂದರಂತೆ.

ಎರಡು ಕೈಯಲ್ಲಿ ತರಕಾರಿ ಚೀಲ, ಸೊಂಟದ ಮೇಲೆ ಮಗು, ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ಆ ಬೆನ್ನು. ಅವರು ಬಂದಾಗಿನಿಂದ ಹನ್ನೆರಡು ವರ್ಷ ನಾನು ಕಂಡ ಚನ್ನಗಿರಿ ಅಂದರೆ ಆ ಬೆನ್ನೇ. ಎಲ್ಲದರಲ್ಲೂ ತಾನೇ ಮುಂದಿರಬೇಕೆಂಬ ಗಂಡಸಿನ ಹಮ್ಮು ಅಂದುಕೊಂಡು ಒಳಗೊಳಗೇ ಬೇಯುತ್ತಿದ್ದೆ.

ಹೋದ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಕಾಯಬೇಕೆಂದರು ಡಾಕ್ಟರು. ಜಗಳೂರಿನ ಸಂತೆಯಲ್ಲಿ ದಾರಿ ಸರಿಯಿದೆಯೆಂದು ಕೈಯೆತ್ತಿ ನಮಗೆ ಸನ್ನೆ ಮಾಡಿದವರು, ಸೀದಾ ಮಡಕೆಗಳ ರಾಶಿಯೊಳಗೆ ನಡೆದರು. ಅವತ್ತು ನಕ್ಕೆವು. ಆದರೆ ಕಳೆದ ತಿಂಗಳು ನಮ್ಮೂರಿನಲ್ಲೇ ಒಂದು ಲಾರಿ ಅವರಿಗೆ ಗೇಣು ದೂರದಲ್ಲಿ ಬ್ರೇಕು ಹಾಕಿತು. ಹಿಂದೆ ನಡೆಯಿರಿ ಎಂದು ನನ್ನ ಗಂಡ ಹೇಳಿದರೂ ಕೇಳಲಿಲ್ಲ. ಕೊನೆಗೆ ಅದನ್ನು ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು, ಆ ಕಾರ್ಡಿನ ಹಾಗೆ.

ಇವತ್ತು ಹೇಳಿಯೇಬಿಡುತ್ತೇನೆ ಅಂದುಕೊಂಡ ದಿನ ಹೊನ್ನಾಳಿಯಿಂದ ಅವರ ಕೋರ್ಸಿನ ಜೊತೆಗಾರರೊಬ್ಬರು ಊಟಕ್ಕೆ ಬಂದರು. ಭಾವ ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ನಾನು ನಗುತ್ತ ಕಾರ್ಡಿನ ಕಥೆ ತೆಗೆದೆ. ಅವರು ನಗಲಿಲ್ಲ.

"ಅವತ್ತು ನಾನೂ ಸತ್ತಿದ್ದೆ, ತಂಗಿ," ಎಂದರು. "ಇವನ ಹಿಂದೆ ಅಂಟಿಕೊಂಡು ನಡೀತಿದ್ದೆ. ಇವನು ತುಳಿದ, ಉಸ್ತಾದರು ನನ್ನೂ ಸತ್ತೋರ ಲೆಕ್ಕಕ್ಕೆ ಸೇರಿಸಿದ್ರು. ನನ್ನ ಹೆಂಡ್ತಿ ಬಸುರಿ ಆಗ. ಆಕಿಗೆ ಹಂಗೆ ಬರೆಯಾಕೆ ಕೈ ಏಳಲಿಲ್ಲ. ಇವನು ಪಕ್ಕದಾಗೆ ಕೂತು ಅದನ್ನ ನೋಡಿದ. ಮಾರನೇ ದಿನದಿಂದ ಯಾರನ್ನೂ ಮುಂದೆ ಬಿಡಲಿಲ್ಲ. ಹತ್ತು ಹೆಜ್ಜೆ ಒಳಗೆ ಬಂದ್ರೆ ಮಣ್ಣಿನ ಹೆಂಟೆ ಎಸೀತಿದ್ದ. ಮುಂದಿನೋನು ಹೋದ್ರೆ ಒಬ್ಬನೇ ಹೋಗ್ಲಿ ಅಂತ."

ಭಾವ ಬಂದು ಕೂತಾಗ ಒಂದು ಸೌಟು ಸಾರು ಹೆಚ್ಚೇ ಬಡಿಸಿದೆ.

ಸಂಜೆ ಅವರನ್ನು ಬಸ್ಸು ಹತ್ತಿಸಿ, ಭಾವ ಮತ್ತು ನಾನು ಇಬ್ಬರೇ ವಾಪಸು ಹೊರಟೆವು. ಎಂದಿನಂತೆ ಅವರು ಮುಂದೆ, ಕೋಲಿನಿಂದ ನೆಲ ತಡವುತ್ತ. ಚರಂಡಿಯ ಕಲ್ಲು ಒಡೆದ ಕಡೆ ನಿಂತು, ಇಲ್ಲಿ ಎಡಕ್ಕೆ ಬಾ ಎಂದು ಕೂಗಿದರು. ಕಲ್ಲು ಒಡೆದಿದ್ದುದು ಎಡಕ್ಕೇ.

ನಾನು ಬೇಗ ಬೇಗ ನಡೆದು ಅವರ ಬೆನ್ನ ಹಿಂದೆಯೇ ನಿಂತೆ. "ಭಾವ, ನನಗೂ ಈಗ ಕಣ್ಣು ಮಂಜು. ಅಷ್ಟು ದೂರದಿಂದ ನಿಮ್ಮ ಹೆಜ್ಜೆ ಕಾಣಲ್ಲ," ಎಂದೆ. ಸಿಸ್ಟರುಗಳು ಕೇಳಿದ್ದರೆ ಸುಳ್ಳಿಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಅವರು ಮೆಲ್ಲಗೆ, "ಇಷ್ಟು ಹತ್ರ ಬಂದ್ರೆ ಇಬ್ರೂ ಹೋಗ್ತೀವಿ, ತಂಗಿ," ಎಂದರು.

"ಹೋದ್ರೆ ಹೋಗೋಣ. ಕಾರ್ಡು ಬರೆಯೋಕೆ ನಿಮ್ಮ ತಮ್ಮ ಇದ್ದಾರಲ್ಲ."

ಭಾವನ ಬೆನ್ನು ಅಲುಗಿತು. ನಕ್ಕರೋ ಏನೋ, ಮುಖ ನನಗೆ ಕಾಣಲಿಲ್ಲ. ಕೋಲನ್ನು ಹಿಂದಕ್ಕೆ ಚಾಚಿ, ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಮೆಲ್ಲಗೆ ಬಲಕ್ಕೆ ಎಳೆದೆ. ಅವರೂ ಬಲಕ್ಕೆ ಸರಿದರು, ದಾರಿ ತೋರಿಸುತ್ತಿರುವವರು ತಾವೇ ಎಂಬಂತೆ.