ನಂಗೇನೂ ಬೇಡ

ಬೇರೆಯವರಿಗೆ ಉಪಕಾರ ಮಾಡಲು ಹೋಗಿ ನಾನು ನಾಚಿಕೆಯಿಂದ ತಲೆ ತಗ್ಗಿಸಿದಷ್ಟು ಸಲ, ತಪ್ಪು ಮಾಡಿದವರೂ ತಗ್ಗಿಸಿರಲಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ವಿನೋಬನಗರದ ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೆ. ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. "ನಂಗೇನೂ ಬೇಡ" ಅನ್ನುವುದು ಬಾಯಿಗೆ ಅಂಟಿದ ಮಾತು. ತೊಂದರೆ ಏನೆಂದರೆ, ಜನ ಅದನ್ನು ನಂಬಿಬಿಡುತ್ತಿದ್ದರು.

ಬಸ್ಸಿನಲ್ಲಿ

ಡ್ಯೂಟಿ ಮುಗಿಸಿ ಊದಿದ ಕಾಲಿನಲ್ಲಿ ಬಸ್ ಹತ್ತಿದ್ದೆ. ಪುಣ್ಯಕ್ಕೆ ಸೀಟು ಸಿಕ್ಕಿತ್ತು. ಅಷ್ಟರಲ್ಲಿ ಮುದುಕರೊಬ್ಬರು ಬುಟ್ಟಿ ಹಿಡಿದುಕೊಂಡು ಹತ್ತಿದರು. ಮನಸ್ಸು ತಡೆಯಲಿಲ್ಲ, ಎದ್ದೆ. ಅವರು ಬುಟ್ಟಿಯನ್ನು ಸೀಟಿನ ಮೇಲಿಟ್ಟು ತಾವು ನಿಂತರು. ಒಳಗೆ ಎರಡು ಕೋಳಿ.

"ನೀವು ಕೂತ್ಕೊಳ್ಳಿ ಅಂತ ಬಿಟ್ಟಿದ್ದು" ಅಂದೆ.

"ನಂಗೆ ನಿಂತು ರೂಢಿ ಇದೆ ತಾಯಿ. ಪಾಪ, ಇವಕ್ಕೆ ತಲೆ ಸುತ್ತುತ್ತೆ."

ಕಂಡಕ್ಟರ್ ಬಂದು, ಸೀಟಿನಲ್ಲಿ ಕೂತ ಕೋಳಿಗೆ ಟಿಕೆಟ್ ಯಾರು ತಗೋತಾರೆ ಅಂತ ಕೇಳಿದ. ಬಸ್ಸಿಗೆ ಬಸ್ಸೇ ನನ್ನ ಮುಖ ನೋಡಿತು. ನಾನೇ ತೆಗೆಸಿದೆ.

ನಾದಿನಿಯ ಮದುವೆಯಲ್ಲಿ

ಗಾಂಧಿ ಬಜಾರಿನಲ್ಲಿ ಮನೆಯವರಿಗೆಲ್ಲ ಬಟ್ಟೆ ಆರಿಸಿದೆ. ನನ್ನ ಸರದಿ ಬಂದಾಗ "ನಂಗ್ಯಾಕೆ, ಇರೋದೇ ಸಾಕು" ಅಂದೆ. ಯಾರಾದರೂ "ಛೇ, ನಿಂಗೂ ಒಂದು ಸೀರೆ ತಗೋ" ಅಂತಾರೆ ಅಂತ ಒಳಗೊಳಗೇ ಕಾಯುತ್ತಿದ್ದೆ. ಎಲ್ಲರೂ ಕಾಫಿ ಕುಡಿಯಲು ಹೊರಟರು.

ಮದುವೆ ದಿನ ನನ್ನ ಮಾಸಿದ ಸೀರೆ ನೋಡಿ ಗಂಡಿನ ಕಡೆಯ ಹೆಂಗಸೊಬ್ಬರು, "ಈ ಸಾಲಿಗೆ ಪಲ್ಯ ತನ್ನಿ" ಅಂದರು. ನಾನು ಹೆಣ್ಣಿನ ಅತ್ತಿಗೆ ಅನ್ನಲು ನಾಚಿಕೆಯಾಗಿ ಬಕೆಟ್ ಹಿಡಿದೆ. ಅದೇ ಸಾಲಿನಲ್ಲಿ ನನ್ನ ಯಜಮಾನರು ಊಟಕ್ಕೆ ಕೂತಿದ್ದರು.

ಆ ಹೆಂಗಸು ಅವರನ್ನೇ ಕೇಳಿದರು, "ಬಡಿಸೋರು ಚುರುಕಾಗಿದಾರೆ. ಎಲ್ಲಿಂದ ಕರೆಸಿದ್ರಿ?"

ಈಗಲಾದರೂ ಹೆಂಡತಿ ಅಂತಾರೆ ಅಂದುಕೊಂಡೆ. ಅವರು ತಲೆ ಎತ್ತದೆ, "ಓಲ್ಡ್ ಟೌನಿಂದ. ನಮ್ಮನೇಲೂ ಇವ್ಳೇ ಬಡಿಸೋದು. ಇನ್ನೊಂಚೂರು ಹಾಕು" ಅಂದರು.

ಅಜ್ಜಿಯ ಹಾಸಿಗೆಯಲ್ಲಿ

ಇದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಜೊತೆಯ ನರ್ಸ್ ಮನೆಯಲ್ಲಿ ಪೂಜೆ ಇತ್ತು. ನನಗೇ ಜ್ವರ ಇದ್ದರೂ ಅವಳ ಡ್ಯೂಟಿಯನ್ನೂ ಒಪ್ಪಿಕೊಂಡೆ. ಮಧ್ಯಾಹ್ನ ವಾರ್ಡಿನ ಅಜ್ಜಿಯೊಬ್ಬರ ಬಿಪಿ ನೋಡಲು ಹೋದೆ.

ಅಜ್ಜಿ ನನ್ನ ಕೈ ಹಿಡಿದು, "ಏನೇ ಮಾರಾಯ್ತಿ, ಕೆಂಡದ ಹಾಗೆ ಸುಡ್ತಿದೀಯ" ಅಂದರು.

"ನಂಗೇನಾಗಿಲ್ಲ, ನೀವು ಮಲ್ಕೊಳ್ಳಿ" ಅಂದೆ. ಅಷ್ಟೇ ನೆನಪಿರುವುದು.

ಕಣ್ಣು ಬಿಟ್ಟರೆ ನಾನು ಅಜ್ಜಿಯ ಹಾಸಿಗೆಯಲ್ಲಿದ್ದೆ, ಹಣೆಗೆ ಒದ್ದೆ ಬಟ್ಟೆ. ಅಜ್ಜಿ ಸ್ಟೂಲಿನ ಮೇಲೆ ಕೂತು ತಮ್ಮ ಗಂಜಿಯನ್ನು ನನಗೆ ಕುಡಿಸುತ್ತಿದ್ದರು. ಅದೇ ಹೊತ್ತಿಗೆ ಡಾಕ್ಟರು ಬಂದರು. ಏಳಲು ಹೋದೆ, ಅಜ್ಜಿ ಬಿಡಲಿಲ್ಲ.

"ಇಲ್ಲಿ ಪೇಷಂಟ್ ಯಾರು?" ಅಂದರು ಡಾಕ್ಟರು.

"ಇವ್ಳೇ. ಇವ್ಳ ಕೆಲ್ಸ ನಾನು ನೋಡ್ಕೋತಿದೀನಿ. ಪಕ್ಕದ ಬೆಡ್ಡಿನವರಿಗೆ ಆಗ್ಲೇ ಮಾತ್ರೆ ನುಂಗಿಸಿದೆ."

ಡಾಕ್ಟರು ಹೌಹಾರಿದರು. "ಯಾವ ಮಾತ್ರೆ?"

"ನಂದೇ. ನಂಗೆ ಹುಷಾರಾಗಿದೆಯಲ್ಲ, ಸುಮ್ನೆ ದಂಡ ಆಗ್ಬಾರ್ದು ಅಂತ."

ನೋಡಿದರೆ ಅದು ಬರೀ ವಿಟಮಿನ್ ಮಾತ್ರೆ. ಡಾಕ್ಟರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಸಿಸ್ಟರ್, ನಾಳೆ ರಜೆ ತಗೊಳ್ಳಿ. ನಿಮಗೋಸ್ಕರ ಬೇಡ, ನನ್ನ ಪೇಷಂಟುಗಳು ಬದುಕಲಿ ಅಂತ."