ಕೀಗೊಂಚಲಿನ ಮೆಕ್ಯಾನಿಕ್

ನಾನು ರಿಪೇರಿಯನ್ನು ಹುಡುಕಿಕೊಂಡು ಹೋಗುವವನಲ್ಲ, ಅದೇ ನನ್ನನ್ನು ಹುಡುಕಿಕೊಂಡು ಬರುತ್ತದೆ. ಇದಕ್ಕೆಲ್ಲ ಕಾರಣ ನನ್ನ ಕೀಗೊಂಚಲಿನಲ್ಲಿ ನೇತಾಡುವ ಕಿರುಬೆರಳುದ್ದದ ಮಡಚು ಚಾಕು. ಅದರಲ್ಲೊಂದು ಅಲಗು, ಒಂದು ಪುಟ್ಟ ಕತ್ತರಿ ಮತ್ತು ಉಗುರು ತೀಡುವ ಅರ ಇವೆ. ಆ ಅರದ ತುದಿಯೇ ಸ್ಕ್ರೂಡ್ರೈವರ್. ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಎತ್ತಿ ಮೊದಲು ವಿಜಯವಾಡಕ್ಕೆ, ಆಮೇಲೆ ವಿಶಾಖಪಟ್ಟಣಕ್ಕೆ ಹಾಕಿದರು. ಹೋದಲ್ಲೆಲ್ಲ ಯಾರದೋ ಏನೋ ಒಂದು ಸಡಿಲವಾಗಿರುತ್ತಿತ್ತು, ನನ್ನ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು.

ಕೌಂಟರಿನ ಮುಂದೆ ಕ್ಯೂ

ವಿಜಯವಾಡದಲ್ಲಿ ನಮ್ಮ ಶಾಖೆ ಒನ್ ಟೌನ್ ಎಂಬ ಹಳೇ ಪೇಟೆಯ ಸಗಟು ಅಂಗಡಿಗಳ ನಡುವೆ ಇತ್ತು. ಒಂದು ದಿನ ಅರಿಶಿನ ವ್ಯಾಪಾರದ ಹಿರಿಯರೊಬ್ಬರು ನನ್ನ ಮುಂದೆ ಫಾರಂ ತುಂಬುತ್ತಿದ್ದಾಗ ಅವರ ಕನ್ನಡಕದ ಒಂದು ಕಡ್ಡಿ ಕಳಚಿ ಟೇಬಲ್ಲಿನ ಮೇಲೆ ಬಿತ್ತು. ಸ್ಕ್ರೂ ಉರುಳಿ ಸ್ಟಾಂಪ್ ಪ್ಯಾಡಿನ ಮೇಲೆ ನಿಂತಿತು. ನಾನು ಅರ ಬಿಡಿಸಿ ಅರ್ಧ ನಿಮಿಷದಲ್ಲಿ ಬಿಗಿದು ಕೊಟ್ಟೆ. ಅವರು ಹಾಕಿಕೊಂಡು, ನನ್ನ ಮುಖವನ್ನು ಮೊದಲ ಸಲ ಕಂಡವರಂತೆ ನೋಡಿ, "ಚಾಲಾ ಬಾಗುಂದಂಡಿ", ತುಂಬ ಚೆನ್ನಾಗಿದೆ ಅಂತ ಕೈಮುಗಿದರು.

ಮಾರನೆಯ ದಿನ ಅವರು ತಮ್ಮ ಹೆಂಡತಿಯ ಕನ್ನಡಕ ತಂದರು. ಅದರ ಮರುದಿನ ಪಕ್ಕದ ಅಂಗಡಿಯವರು ಬಂದರು. ವಾರದಲ್ಲಿ ಇಡೀ ಬೀದಿಗೆ ಸುದ್ದಿ ಮುಟ್ಟಿತು. 'ಕನ್ನಡದ ಆಫೀಸರು' ಆಗಿದ್ದವನು ಕನ್ನಡಕದ ಆಫೀಸರಾದೆ. ನಮ್ಮ ಮ್ಯಾನೇಜರು ಕ್ಯಾಬಿನ್ನಿನ ಗಾಜಿನಿಂದ ನನ್ನ ಮುಂದಿನ ಸಾಲು ನೋಡಿ, "ಈ ಹುಡುಗ ಬಂದ ಮೇಲೆ ಬಿಸಿನೆಸ್ ಏನು ಏರ್ತಾ ಇದೆ!" ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಆ ಸಾಲಿನಲ್ಲಿ ಪಾಪ, ಹೊಸಬರೊಬ್ಬರು ಪಾಸ್‌ಬುಕ್ ಹಿಡಿದು ನಿಂತುಬಿಟ್ಟಿದ್ದರು. ಅವರ ಹಿಂದಿದ್ದವರು ಭುಜ ತಟ್ಟಿ ಹೇಳಿದರು: "ಇಲ್ಲಲ್ಲ ಸ್ವಾಮಿ. ಬ್ಯಾಂಕ್ ಕೆಲಸ ಇದ್ದರೆ ಆ ಕಡೆ ಕೌಂಟರಿಗೆ ಹೋಗಿ."

ಹೂಂ ಅನ್ನುವ ಬೊಂಬೆ

ಬೊಂಬೆಗಳಿಗೆ ಹೆಸರಾದ ಕೊಂಡಪಲ್ಲಿಗೆ ಹೋದಾಗ ನನ್ನ ಹೆಂಡತಿ ಒಂದು ನರ್ತಕಿ ಬೊಂಬೆ ತಂದಿದ್ದಳು. ಬೆರಳಿಂದ ತಾಗಿಸಿದರೆ ಸೊಂಟ ಬಳುಕುತ್ತಿತ್ತು, ತಲೆ ಮೇಲೆ ಕೆಳಗೆ ಆಡುತ್ತಿತ್ತು. ಇವಳು ಅದರ ಎದುರು ನಿಂತು, "ಇವತ್ತು ಹೊರಗಡೆ ಊಟಕ್ಕೆ ಹೋಗೋಣ್ವೇನೇ?" ಅಂತ ಕೇಳುವುದು, ಅದು ಹೂಂ ಹೂಂ ಅನ್ನುವುದು, ಇವಳು ನನ್ನ ಕಡೆ ತಿರುಗಿ "ಕೇಳಿಸ್ತಾ?" ಅನ್ನುವುದು ವಾಡಿಕೆಯಾಗಿತ್ತು.

ಒಂದು ಭಾನುವಾರ ಧೂಳು ಒರೆಸುವಾಗ ತಲೆ ಕಳಚಿ ಕೈಗೆ ಬಂತು. "ಇಲ್ಲಿ ಕೊಡು, ಎರಡು ನಿಮಿಷ" ಅಂದೆ. ಕತ್ತಿನೊಳಗಿನ ತಂತಿಯ ಕೊಕ್ಕೆಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೀಟಿ, ಬಗ್ಗಿಸಿ, ತಲೆ ಕೂರಿಸಿದೆ. ಭದ್ರವಾಗಿಯೇ ಕೂತಿತು. ಹೆಂಡತಿ ಸಂತೋಷದಿಂದ ಷೋಕೇಸಿನಲ್ಲಿಟ್ಟು ಬೆರಳು ತಾಗಿಸಿದಳು. ಬೊಂಬೆ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಮತ್ತೆ ಎಡಕ್ಕೆ ನೋಡಿತು. ಇನ್ನೊಮ್ಮೆ ತಾಗಿಸಿದರೂ ಅದೇ. ಏನು ಕೇಳಿದರೂ ಉಹುಂ, ಉಹುಂ.

ಅವಳು ಸ್ವಲ್ಪ ಹೊತ್ತು ಬೊಂಬೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಈ ಮನೇಲಿ ನಾನು ಹೇಳಿದ್ದಕ್ಕೆ ಹೂಂ ಅಂತಿದ್ದದ್ದು ಇದೊಂದೇ ರೀ. ಇದಕ್ಕೂ ನಿಮ್ಮ ಬುದ್ಧಿ ಕಲಿಸಿಬಿಟ್ರಾ?"

ಮೈಕು

ವಿಶಾಖಪಟ್ಟಣಕ್ಕೆ ವರ್ಗವಾದ ಮೇಲೆ ಮಧುರವಾಡದಲ್ಲಿ ಮನೆ ಮಾಡಿದೆವು. ಸುತ್ತಮುತ್ತಲಿನ ಕನ್ನಡದವರೆಲ್ಲ ಸೇರಿ ನಮ್ಮ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ರಾಜ್ಯೋತ್ಸವ ಇಟ್ಟುಕೊಂಡರು. ಅಧ್ಯಕ್ಷತೆ ವಹಿಸಿದ್ದ ಹಿರಿಯರು "ಎರಡೇ ಮಾತು ಹೇಳಿ ಮುಗಿಸ್ತೀನಿ" ಅಂತ ಮೂರನೆಯ ಸಲ ಹೇಳುವ ಹೊತ್ತಿಗೆ ಮುಕ್ಕಾಲು ಗಂಟೆಯಾಗಿತ್ತು. ಪರದೆಯ ಹಿಂದಿನಿಂದ ಬಿಸಿಬೇಳೆಬಾತಿನ ಪರಿಮಳ ಬರುತ್ತಿತ್ತು. ಮಕ್ಕಳು ಕುರ್ಚಿಯಿಂದ ಜಾರಿ ನೆಲ ಸೇರಿದ್ದವು.

ಆಗ ಮೈಕು ಗೊರ್ ಅಂದು ನಿಂತುಹೋಯಿತು. ಹಾಲಿನ ತುಂಬ ಒಂದು ನಿಟ್ಟುಸಿರು ಹರಿದಾಡಿತು. ಹಿಂದಿನ ಸಾಲಿನವರು ತಟ್ಟೆಗಳಿದ್ದ ಮೂಲೆಯ ಕಡೆಗೆ ಎದ್ದು ಹೊರಟೂ ಆಗಿತ್ತು.

ನನಗೇನು ಬಂದಿತ್ತೋ ಕಾಣೆ. ಯಾರೂ ಕರೆಯದೆ ವೇದಿಕೆ ಹತ್ತಿದೆ. ಸ್ವಿಚ್ಚು ಆರಿಸಿ, ಪ್ಲಗ್ ಬಿಚ್ಚಿ ನೋಡಿದರೆ ಒಳಗೆ ಒಂದು ವೈರು ಕಿತ್ತು ಬಂದಿತ್ತು. ಅದನ್ನು ಸೇರಿಸಿ, ಸ್ಕ್ರೂ ಬಿಗಿದು, "ಹಲೋ ಹಲೋ" ಅಂದೆ. ಹಾಲೆಲ್ಲ ಮೊಳಗಿತು. ಚಪ್ಪಾಳೆ ಬರಬಹುದು ಅಂತ ತಿರುಗಿದರೆ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿಯೇ ಹಲ್ಲು ಕಚ್ಚಿಕೊಂಡು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಅಧ್ಯಕ್ಷರೊಬ್ಬರೇ ನನ್ನ ಬೆನ್ನು ತಟ್ಟಿ ಮೈಕು ಹಿಡಿದರು. "ಹಿಂದೆ ಕೂತವರಿಗೆ ಇಷ್ಟೊತ್ತು ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಮೊದಲಿಂದ ಹೇಳಿಬಿಡ್ತೀನಿ."

ಕೆಳಗಿಳಿದು ಬಂದಾಗ ಔಷಧಿ ಕಂಪನಿಯಲ್ಲಿ ಕೆಲಸ ಮಾಡುವ ತರುಣನೊಬ್ಬ ನನ್ನ ಕಿವಿಯಲ್ಲಿ ಹೇಳಿದ: "ಬಿಸಿ ಆಗಲೇ ಹೋಯ್ತು ಸಾರ್. ಇನ್ನು ನಮಗೆ ಸಿಗೋದು ಬರೀ ಬೇಳೆಬಾತ್."

ಬಾಗಿಲ ಆಚೆ ಸಾಹೇಬರು

ಇದನ್ನು ನಾನು ಈಗ ನಗುತ್ತಾ ಹೇಳುತ್ತೇನೆ, ಅವತ್ತು ನಗು ಬಂದಿರಲಿಲ್ಲ. ಕರ್ನಾಟಕಕ್ಕೆ ವರ್ಗ ಕೇಳಿ ನಾನು ಕೊಟ್ಟ ಅರ್ಜಿ ನಮ್ಮ ದೊಡ್ಡ ಸಾಹೇಬರ ಟೇಬಲ್ಲಿನ ಮೇಲಿತ್ತು. ಆಂಧ್ರದವರು, ಮಿತಭಾಷಿ. ತೆಲುಗು, ಇಂಗ್ಲಿಷ್ ಬಿಟ್ಟರೆ ಅವರ ಬಾಯಲ್ಲಿ ಬೇರೆ ಭಾಷೆ ನಾನು ಕೇಳಿರಲಿಲ್ಲ. ನಮ್ಮ ಮನೆಯ ಹತ್ತಿರದಲ್ಲೇ ಅವರಿಗೆ ಏನೋ ಕೆಲಸವಿದ್ದದ್ದರಿಂದ ಧೈರ್ಯ ಮಾಡಿ ಊಟಕ್ಕೆ ಕರೆದೆ. ಬರುತ್ತೇನೆಂದರು.

ನಮ್ಮ ಬಾತ್‌ರೂಮಿನ ಬಾಗಿಲ ಹಿಡಿ ವಾರದಿಂದ ಲೊಡಲೊಡ ಅನ್ನುತ್ತಿತ್ತು. ಅವತ್ತು ಬೆಳಿಗ್ಗೆ ನಾನೇ ಚಾಕು ತೆಗೆದು ಬಿಗಿದಿದ್ದೆ. "ಕಾರ್ಪೆಂಟರನ್ನ ಕರೆಸಿ ಅಂದೆ" ಅಂತ ಹೆಂಡತಿ ಗೊಣಗಿದ್ದಳು.

ಸಾಹೇಬರು ಬಂದರು, ಕೈ ತೊಳೆಯಲು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಠಣ್ ಅಂತ ಸದ್ದಾಯಿತು. ಹೊರಗಿನ ಹಿಡಿ ನನ್ನ ಕಾಲ ಬುಡಕ್ಕೆ ಉರುಳಿತು. ಒಳಗಿನಿಂದ ಗಂಭೀರವಾದ ಇಂಗ್ಲಿಷಿನಲ್ಲಿ, ಇನ್ನೊಂದು ಹಿಡಿ ತಮ್ಮ ಕೈಯಲ್ಲಿದೆ ಅಂತ ಸಮಾಚಾರ ಬಂತು.

ನನ್ನ ಅರ್ಜಿಯ ಕಥೆ ಮುಗಿಯಿತು ಅಂದುಕೊಂಡೆ. ಹೊರಗಿನಿಂದ ಏನು ಮಾಡಿದರೂ ಆಗಲಿಲ್ಲ. ಕೊನೆಗೆ ಚಾಕುವನ್ನು ಬಾಗಿಲ ಸಂದಿಯಿಂದ ಒಳಗೆ ತಳ್ಳಿ, "ಅಲ್ಲೊಂದು ಸಣ್ಣ ಸೀಳು ಕಾಣುತ್ತೆ ಸಾರ್, ಅದಕ್ಕೆ ಅರದ ತುದಿ ಇಟ್ಟು ತಿರುಗಿಸಿ" ಅಂತ ತೆಲುಗಿನಲ್ಲಿ ಹೇಗೋ ಹೇಳಿದೆ.

"ಯಾವ ಕಡೆಗೆ?" ಅಂತ ತೆಲುಗಿನಲ್ಲೇ ಕೇಳಿದರು.

ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ. "ಬಲಕ್ಕೆ ಸಾರ್, ಬಲಕ್ಕೆ!" ಅಂದೆ. ಕಟಕಟ ಅಂತ ಸದ್ದು ಬಂತು. ಅಯ್ಯೋ, ಇವರಿಗೆ ಕನ್ನಡ ಬರಲ್ಲವಲ್ಲ, ಎತ್ತ ತಿರುಗಿಸುತ್ತಿದ್ದಾರೋ ಅಂತ ಹೆದರಿದೆ. ಬಲಕ್ಕೆ ತೆಲುಗಿನವರು 'ಕುಡಿ' ಅನ್ನುತ್ತಾರೆ. ಬಾಗಿಲಿಗೆ ಬಾಯಿಟ್ಟು ಕೂಗಿದೆ: "ಕುಡಿ ಸಾರ್! ಕುಡಿ! ಕುಡಿ!"

ಒಳಗಿನ ಸದ್ದು ತಟ್ಟನೆ ನಿಂತಿತು.

ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. "ರೀ, ಬಾತ್‌ರೂಮಿನಲ್ಲಿರೋರಿಗೆ ಏನನ್ನ ಕುಡಿ ಅಂತಿದೀರಿ?"

"ನೀನು ಸುಮ್ಮನಿರು ಮಾರಾಯ್ತಿ" ಅಂದು ನಾನು ಇನ್ನೂ ಜೋರಾಗಿ ಕುಡಿ ಕುಡಿ ಅಂದೆ. ಒಳಗೆ ನಲ್ಲಿಯ ಬಳಿ ಏನೋ ಸದ್ದಾಯಿತು. ಆಮೇಲೆ ಮತ್ತೆ ಕಟಕಟ. ಬಾಗಿಲು ತೆರೆಯಿತು. ಸಾಹೇಬರು ಬೆವರು ಒರೆಸಿಕೊಂಡು ಬಂದು, ಚಾಕುವನ್ನು ನನ್ನ ಕೈಗಿಟ್ಟು ಊಟಕ್ಕೆ ಕೂತರು. ನಾನು ಅನ್ನ ಕಲಸುತ್ತಿದ್ದೆನೇ ಹೊರತು ತುತ್ತು ಎತ್ತಲಾಗಲಿಲ್ಲ.

ಹೆಂಡತಿ ಮಜ್ಜಿಗೆಯ ಲೋಟ ಹಿಡಿದು ಬಂದಳು. ಸಾಹೇಬರು ತಲೆಯೆತ್ತಿ, ಅಚ್ಚ ಕನ್ನಡದಲ್ಲಿ ಶುರು ಮಾಡಿದರು:

"ನಾನು ಬಳ್ಳಾರಿಯಲ್ಲಿ ಏಳು ವರ್ಷ ಇದ್ದವನಮ್ಮ. ನಿಮ್ಮ ಯಜಮಾನರು ಬಲಕ್ಕೆ ಅಂದಾಗ ಸರಿಯಾಗೇ ತಿರುಗಿಸ್ತಿದ್ದೆ. ಆಮೇಲೆ ಯಾಕೋ ಅದೇ ಕನ್ನಡದಲ್ಲಿ ಕುಡಿ ಕುಡಿ ಅಂತ ಗದರಿಸೋಕೆ ಶುರು ಮಾಡಿದ್ರು, ಅದೂ ಏಕವಚನದಲ್ಲಿ. ಇವರನ್ನ ಬೇಗ ಊರಿಗೆ ಕಳಿಸೋದೇ ಒಳ್ಳೇದು, ಅರ್ಜಿಗೆ ನಾಳೇನೇ ಸಹಿ ಹಾಕ್ತೀನಿ."

ಆಮೇಲೆ ಮಜ್ಜಿಗೆಯ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಇದು ಬೇಡಮ್ಮ. ಅಷ್ಟು ಒತ್ತಾಯ ಮಾಡ್ತಿದ್ದಾರಲ್ಲ ಅಂತ ಒಳಗೇ ಒಂದು ಮಗ್ ನೀರು ಕುಡಿದಾಗಿದೆ."